ಖಾಲಿ ಶೀಟಿಗೆ ಮೂರು ಶಾಲು

ಬೋರನಕುಂಟೆಯ ಜಯಶೀಲ ಸಿಸ್ಟರ್ ಮನೆಯ ಬೀರುವಿನಲ್ಲಿ ಮೂರು ಸನ್ಮಾನದ ಶಾಲುಗಳಿದ್ದವು. ಜರಿ ಅಂಚಿನವು, ಮೈಗೆ ತಾಗಿದರೆ ಚುಚ್ಚುವಂಥವು, ಒಂದನ್ನೂ ಹೊದೆಯುವ ಹಾಗಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ನಡುವೆ ನುಸಿಗುಳಿಗೆ ಇಟ್ಟು, ಮಡಿಕೆ ಕೆಡದ ಹಾಗೆ ಮತ್ತೆ ಒಳಗಿಡುತ್ತಿದ್ದಳು. ಯಾತಕ್ಕೆ ಸಿಕ್ಕಿದವು ಅಂತ ನೀವೇನಾದರೂ ಅವಳನ್ನು ಕೇಳಿದಿರೋ, ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಾನು ಹೇಳುತ್ತೇನೆ, ಬೇಗ ಮುಗಿಯುತ್ತದೆ.

ಬಸುರಿಯರಿಗೆ ರಕ್ತ ಕಡಿಮೆಯಾಗದಿರಲಿ ಅಂತ ಸರ್ಕಾರಿ ಆಸ್ಪತ್ರೆಯಿಂದ ಕೆಂಪು ಮಾತ್ರೆ ಕೊಡುತ್ತಾರಲ್ಲ, ಕಬ್ಬಿಣದ ಮಾತ್ರೆ, ಅದನ್ನು ಮನೆಮನೆಗೆ ತಲುಪಿಸುವುದು ಜಯಶೀಲಳ ಕೆಲಸ. ತಲುಪಿಸಿದ್ದನ್ನು ಅವರು ತಿನ್ನುತ್ತಾರೋ ಬಿಡುತ್ತಾರೋ ಹೇಗೆ ತಿಳಿಯಬೇಕು? ಹಿಂದೆ ಇದ್ದ ಸಾಹೇಬರೊಬ್ಬರು ಅದಕ್ಕೊಂದು ಉಪಾಯ ಹುಡುಕಿದ್ದರು. ಖಾಲಿ ಶೀಟು ವಾಪಸ್ ಕೊಟ್ಟವರಿಗೆ ಮಾತ್ರ ಹೊಸ ಶೀಟು. ತಿಂಗಳ ಮೊದಲ ಸೋಮವಾರ ಹೋಬಳಿ ಆಸ್ಪತ್ರೆಯಲ್ಲಿ ಸಭೆ. ಸಿಸ್ಟರ್‌ಗಳೆಲ್ಲ ತಮ್ಮ ತಮ್ಮ ಊರಿನ ಖಾಲಿ ಶೀಟುಗಳನ್ನು ದಾರಕ್ಕೆ ಪೋಣಿಸಿಕೊಂಡು ಬರಬೇಕು. ಸಾಹೇಬರು ಅವನ್ನು ಬಾಗಿಲಿಗೆ ತೋರಣದ ಹಾಗೆ ಕಟ್ಟಿಸುತ್ತಿದ್ದರು. ಒಂದು ಶೀಟೂ ತಪ್ಪದೆ ಬಂದ ಸಿಸ್ಟರ್‌ಗೆ ವರ್ಷದ ಕೊನೆಯಲ್ಲಿ ಶಾಲು. ಜಯಶೀಲಳದು ಮೂರು ವರ್ಷವೂ ನೂರಕ್ಕೆ ನೂರು.

ಹತ್ತೊಂಬತ್ತು ವರ್ಷದ ಸರ್ವಿಸು. ಮಳೆ ಬರಲಿ, ಬಿಸಿಲು ಬರಲಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳೆಂದರೆ ಕೊನೆಯ ಮನೆ ಮುಟ್ಟದೆ ವಾಪಸ್ ಬರುವವಳಲ್ಲ. ಸೋಮಾರಿಯಾಗಿದ್ದರೆ ಈ ಕಥೆಯನ್ನು ನಾನು ಹೇಳುತ್ತಲೇ ಇರಲಿಲ್ಲ.

ಮೂರನೇ ಶಾಲು ಬಂದ ತಿಂಗಳಲ್ಲೇ ಅದೇ ಊರಿನ ಒಂದು ಮನೆಯ ಹಿರಿಸೊಸೆ, ಪಾಲಕ್ಕ ಅನ್ನುವ ಹುಡುಗಿ, ಹೆರಿಗೆಯಾಗಿ, ರಕ್ತ ನಿಲ್ಲದೆ ತೀರಿಕೊಂಡಳು. ಮಗು ಉಳಿಯಿತು. ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತಿದ್ದವಳು ಜಯಶೀಲ. ಕೈ ತಣ್ಣಗಾಗಿದ್ದು ಅವಳಿಗೇ ಮೊದಲು ತಿಳಿದದ್ದು. ಮನೆಗೆ ಬಂದವಳೇ ಪಾಲಕ್ಕನ ಕಾರ್ಡು ತೆಗೆದು ನೋಡಿದಳು. ಎಲ್ಲ ಶೀಟೂ ವಾಪಸ್ ಬಂದಿತ್ತು, ಎಲ್ಲ ಕಡೆ ಟಿಕ್ ಬಿದ್ದಿತ್ತು.

"ನಮ್ಮ ಕಡೆಯಿಂದ ಏನೂ ಕಡಿಮೆ ಮಾಡಿಲ್ಲ. ಅವಳ ಹಣೆಬರಹ" ಅಂತ ಹೇಳಿದಳು. ಹೇಳಿದಳು ಸರಿ, ಆದರೆ ಎರಡು ದಿನ ಆ ಕಾರ್ಡನ್ನು ಮತ್ತೆ ಮತ್ತೆ ತೆಗೆದು ನೋಡಿದಳು.

ಈಗ ಅದೇ ಮನೆಯ ಕಿರಿಸೊಸೆ ಬೂದೇವಿ ಬಸುರಿ. ಪಾಲಕ್ಕನ ಮಗುವನ್ನೂ ಸೊಂಟದಲ್ಲಿ ಎತ್ತಿಕೊಂಡು ಸಾಕುತ್ತಿರುವವಳು ಅವಳೇ. ಐದು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿದಾಗ ಎಂಟು ಇತ್ತು. ಹನ್ನೊಂದಾದರೂ ಇರಬೇಕಿತ್ತು. ಆರು ತಿಂಗಳಿಗೆ ನೋಡಿದರೆ ಏರುವ ಬದಲು ಇಳಿದು ಏಳೂ ಮುಕ್ಕಾಲು ಆಗಿದೆ. ಶೀಟುಗಳು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ, ಪೂರ್ತಿ ಖಾಲಿಯಾಗಿ ವಾಪಸ್ ಬರುತ್ತಿದ್ದವು. ಜಯಶೀಲ ಬೆರಳು ಮಡಿಸಿ ಲೆಕ್ಕ ಹಾಕಿದಳು. ಇನ್ನು ಮೂರೇ ತಿಂಗಳು. ಆಂಬುಲೆನ್ಸಿನ ಆ ತಣ್ಣನೆ ಕೈ ನೆನಪಾಯಿತು.

ಮೊದಲು ಅವಳು ದೂರಿದ್ದು ಮಿಷನ್ನನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ರಕ್ತ ಅಳೆಯುವ ಪುಟ್ಟ ಮಿಷನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಬಳಿ ಆಸ್ಪತ್ರೆಗೆ ಹೋದಳು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಶಮೀಮ್ ಮೇಡಂ. ಇನ್ನೂ ಚಿಕ್ಕ ವಯಸ್ಸು, ಮಾತು ಕಡಿಮೆ.

"ಮೇಡಂ, ಇದು ಕೆಟ್ಟಿದೆ. ಬೇರೆ ಕೊಡಿ."

ಶಮೀಮ್ ಮೇಡಂ ಬೇರೆ ಮಿಷನ್ ತೆಗೆದು, ಎರಡರಲ್ಲೂ ತಮ್ಮದೇ ಬೆರಳು ಚುಚ್ಚಿಕೊಂಡು ನೋಡಿದರು. ಎರಡೂ ಒಂದೇ ಹೇಳಿದವು.

"ಮಿಷನ್ ಸರಿಯಾಗಿದೆ ಸಿಸ್ಟರ್. ನಾಳೆ ಸಭೆ ಇದೆಯಲ್ಲ, ಅಲ್ಲಿ ಮಾತಾಡೋಣ."

ಮಾರನೇ ದಿನ ಸಭೆಗೆ ಜಯಶೀಲ ಎಂದಿನಂತೆ ತೋರಣ ಹಿಡಿದು ಹೋದಳು. ಮೇಡಂ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, ಒಂದೊಂದೇ ಶೀಟು ತಿರುವಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಶೀಟು ಖಾಲಿಯಾಗಿದೆ. ಮಾತ್ರೆ ಎಲ್ಲಿ ಹೋಯ್ತು?"

ಸಭೆ ಗೊಳ್ಳೆಂದು ನಕ್ಕಿತು. "ಇನ್ನೆಲ್ಲಿಗೆ ಹೋಗುತ್ತೆ ಮೇಡಂ? ಹೊಟ್ಟೆಗೆ!"

"ನೋಡಿದೋರು ಯಾರು?"

ನಗು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಜಯಶೀಲಳಿಗೆ ಆ ಮಾತು ತನಗೇ ಹೇಳಿದ್ದು ಅನ್ನಿಸಿತು. ಮುಖ ಕೆಂಪಗಾಯಿತು.

"ನನ್ನ ಮೇಲೆ ಅನುಮಾನ ಇದ್ರೆ ನೇರ ಹೇಳಿ ಮೇಡಂ. ಸಿಟಿಯಿಂದ ತಿಳಿದೋರನ್ನ ಕರೆಸಿ. ಅವರೇ ಬಂದು ಸಂಶೋಧನೆ ಮಾಡಲಿ."

"ಬಂದಿದ್ರಲ್ಲ ಸಿಸ್ಟರ್, ಮೂರು ವರ್ಷದ ಹಿಂದೆ."

ಹೌದು, ಬಂದಿದ್ದರು. ಜೀಪಿನಲ್ಲಿ ಆರು ಜನ. ಹದಿನೈದು ದಿನ ಮನೆಮನೆ ತಿರುಗಿ, ನೂರು ಪ್ರಶ್ನೆ ಕೇಳಿ, ಅದೇನನ್ನೋ ಬರೆದುಕೊಂಡು ಹೋಗಿದ್ದರು. ಆರು ತಿಂಗಳಿಗೆ ಇಂಗ್ಲಿಷಿನ ದಪ್ಪ ಪುಸ್ತಕವೊಂದು ಅಂಚೆಯಲ್ಲಿ ಬಂತು. ಆಮೇಲೆ ಅದು ಎಲ್ಲಿ ಹೋಯಿತು? ಶಮೀಮ್ ಮೇಡಂ ಎದ್ದು, ಲಸಿಕೆ ಇಡುವ ಫ್ರಿಜ್ಜಿನ ಕಾಲಿನ ಕಡೆ ಬೆರಳು ತೋರಿಸಿದರು. ನೆಲ ತಗ್ಗಾಗಿದ್ದ ಕಡೆ, ಫ್ರಿಜ್ಜು ವಾಲದ ಹಾಗೆ, ಆ ಪುಸ್ತಕವನ್ನು ಯಾರೋ ಒತ್ತಾಗಿ ಇಟ್ಟಿದ್ದರು. ಅಳತೆಗೆ ಸರಿಯಾಗಿ ಕೂತಿತ್ತು ಅನ್ನಿ.

"ನಾನು ಬಂದ ವಾರ ಅದನ್ನ ತೆಗೆದು ಓದಿ, ಫ್ರಿಜ್ಜು ಅಲ್ಲಾಡುತ್ತೆ ಅಂತ ಮತ್ತೆ ಅಲ್ಲೇ ಇಟ್ಟೆ" ಅಂದರು ಮೇಡಂ. "ಸುಮಾರು ಮನೇಲಿ ಮಾತ್ರೆ ತಿಂತಿಲ್ಲ ಅಂತ ಅದರಲ್ಲಿ ಬರೆದಿದೆ. ಯಾವ ಊರಲ್ಲಿ, ಯಾಕೆ, ಅದು ಸರಿಯಾಗಿ ಇಲ್ಲ. ಕೇಳೋಣ ಅಂದ್ರೆ ಬರೆದೋರು ಈಗ ಎಲ್ಲಿದಾರೋ. ಅವರು ಒಳ್ಳೆ ಕೆಲಸಾನೇ ಮಾಡಿದಾರೆ ಸಿಸ್ಟರ್. ಆದ್ರೆ ನಮ್ಮಲ್ಲಿ ಒಬ್ಬರಿಗೂ ಅದನ್ನ ಕಲಿಸಿ ಹೋಗಲಿಲ್ಲ, ನಾವೂ ಕಲಿಸಿ ಅಂತ ಕೇಳಲಿಲ್ಲ."

"ನಾವೇನು ಸಂಶೋಧನೆ ಮಾಡೋಕೆ ಪಿಎಚ್‌ಡಿ ಓದಿದೀವಾ?"

"ಅನ್ನ ಬೆಂದಿದೆಯಾ ಅಂತ ಹೇಗೆ ನೋಡ್ತೀರಿ?"

"ಅದೇನ್ ದೊಡ್ಡ ವಿಷಯ? ಒಂದು ಅಗುಳು ತೆಗೆದು ಹಿಚುಕಿ ನೋಡ್ತೀನಿ."

"ಮೇಲಿನ ಅಗುಳಾ, ತಳದ್ದಾ?"

ಮೇಲಿನದು ಬೆಂದು ತಳದ್ದು ಸೀದ ದಿನ ಯಾವ ಮನೆಯಲ್ಲಿಲ್ಲ? "ಸೌಟು ಹಾಕಿ ತಿರುವಿ ಆಮೇಲೆ ತೆಗೀಬೇಕು" ಅಂದಳು ಜಯಶೀಲ, ಸ್ವಲ್ಪ ಸಣ್ಣ ದನಿಯಲ್ಲಿ.

"ಅಷ್ಟೇ ಸಿಸ್ಟರ್ ಸಂಶೋಧನೆ. ಉಳಿದಿದ್ದು ಇಂಗ್ಲಿಷು."

ಅವತ್ತು ಮೇಡಂ ಒಂದು ಉದ್ದನೆ ನೋಟ್‌ಬುಕ್ಕನ್ನು ಮೇಜಿನ ಕಾಲಿಗೆ ಹುರಿಯಲ್ಲಿ ಕಟ್ಟಿದರು. ಮೇಲೆ ತಾವೇ ಬರೆದರು: ಗೊತ್ತಿಲ್ಲದ ಬುಕ್ಕು. ಪ್ರತಿ ಸಭೆಯಲ್ಲೂ ಪ್ರತಿಯೊಬ್ಬರೂ ತಮಗೆ ಗೊತ್ತಿಲ್ಲದ ಒಂದು ವಿಷಯ ಅದರಲ್ಲಿ ಬರೆಯಬೇಕು. ಪಕ್ಕದಲ್ಲಿ, ಅದನ್ನು ಹೇಗೆ ತಿಳಿದುಕೊಳ್ಳುತ್ತೀರಿ ಅಂತ ಬರೆಯಬೇಕು. ಅದರ ಪಕ್ಕದಲ್ಲಿ, ತಿಳಿದದ್ದೇನು. ಗೊತ್ತಿಲ್ಲ ಅಂತ ಬರೆದವರನ್ನು ಯಾರೂ ಬೈಯುವಂತಿಲ್ಲ. ಸಿಸ್ಟರ್‌ಗಳಿಗೆ ಇದು ವಿಚಿತ್ರವಾಗಿ ಕಂಡಿತು. ಗೊತ್ತಿದೆ ಅಂತ ತೋರಿಸಿಕೊಂಡೇ ಸಂಬಳ ತೆಗೆದುಕೊಂಡವರು, ಪಾಪ! ಮೊದಲ ಸಾಲು ಬರೆದವಳು ಜಯಶೀಲ. ಸಿಟ್ಟಿನಲ್ಲೇ ಬರೆದಳು: "ಬೂದೇವಿಗೆ ರಕ್ತ ಯಾಕೆ ಏರುತ್ತಿಲ್ಲ? ಗೊತ್ತಿಲ್ಲ."

ಊರಿಗೆ ಬಂದು, ತನ್ನ ಲೆಕ್ಕದ ಅರವತ್ತು ಬಸುರಿಯರ ಹೆಸರನ್ನು ಚೀಟಿ ಬರೆದು, ಡಬ್ಬಿಯಲ್ಲಿ ಹಾಕಿ ಕುಲುಕಿ, ಕಣ್ಣು ಮುಚ್ಚಿ ಹನ್ನೆರಡು ಎತ್ತಿದಳು. ಇದು ಮೇಡಂ ಹೇಳಿಕೊಟ್ಟದ್ದು, ರಸ್ತೆ ಬದಿಯ ಮನೆಗಳನ್ನೇ ನೋಡಿ ಬರಬಾರದು ಅಂತ. ಬೂದೇವಿಯ ಹೆಸರೂ ಬಂತು. ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡು ಹನ್ನೆರಡು ಮನೆಗೂ ಹೋದಳು. ಮೂರು ದಿನಕ್ಕೆ ಕೆಲಸ ಮುಗಿಸಿ, ಗೆದ್ದವಳ ಹಾಗೆ ಆಸ್ಪತ್ರೆಗೆ ಬಂದಳು.

"ಹನ್ನೆರಡಕ್ಕೆ ಹನ್ನೆರಡೂ ತಿಂತಿದಾರೆ ಮೇಡಂ. ನಾನ್ ಹೇಳಿರಲಿಲ್ವಾ?"

"ಹೇಗೆ ಕೇಳಿದ್ರಿ?"

"ಮಾತ್ರೆ ತಗೋತಿದೀಯೇನೇ, ಅಂತ ಕೇಳ್ದೆ."

"ಇಲ್ಲ ಅಂದಿದ್ರೆ ಏನ್ ಮಾಡ್ತಿದ್ರಿ?"

"ಸುಮ್ನೆ ಬಿಡ್ತಿದ್ನಾ? ಗ್ರಹಚಾರ ಬಿಡಿಸ್ತಿದ್ದೆ!"

ಹೇಳಿದ ಮೇಲೆ ಜಯಶೀಲಳಿಗೇ ನಗು ಬಂತು. ಶಮೀಮ್ ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹತ್ತೊಂಬತ್ತು ವರ್ಷ ಅವಳು ಆ ಊರಲ್ಲಿ ಕೇಳಿದ್ದು ಹೀಗೆಯೇ, ಜನ ಉತ್ತರ ಕೊಟ್ಟಿದ್ದೂ ಹಾಗೆಯೇ. ನೀವೇ ಹೇಳಿ, ಮೇಷ್ಟ್ರು ಬೆತ್ತ ಹಿಡಿದು "ಪಾಠ ಓದಿದೆಯಾ?" ಅಂದರೆ ಇಲ್ಲ ಅನ್ನುವ ಹುಡುಗ ಎಲ್ಲಿದ್ದಾನೆ?

"ಇನ್ನೊಂದ್ಸಲ ಹೋಗಿ" ಅಂದರು ಮೇಡಂ. "ರಿಜಿಸ್ಟರ್ ಬೇಡ, ಚೀಲ ಬೇಡ. ಸುಮ್ನೆ ಕೂತು ಮಾತಾಡಿ. ಯಾರು ಏನೇ ಹೇಳಿದ್ರೂ ಬೈಬೇಡಿ. ಯಾರ ಹೆಸರೂ ಬರೀಬೇಡಿ."

ಕೈ ಬೀಸಿಕೊಂಡು ಊರಿನೊಳಗೆ ಹೋಗುವುದು ಜಯಶೀಲಳಿಗೆ ಹೊಸದು. ಮೊದಲು ಹೋದದ್ದು ಬೂದೇವಿಯ ಮನೆಗೆ. ಮಧ್ಯಾಹ್ನದ ಹೊತ್ತು. ಜಗುಲಿಯ ಮೇಲೆ ಬೂದೇವಿಯ ಅತ್ತೆ ಓಬಮ್ಮ ಪಕ್ಕದ ಮನೆಯವಳ ಜೊತೆ ಅಳಗುಳಿ ಮಣೆ ಮುಂದಿಟ್ಟುಕೊಂಡು ಆಡುತ್ತಿದ್ದಳು. ಜಯಶೀಲ ಚೀಲವಿಲ್ಲದೆ ಬಂದದ್ದರಿಂದಲೋ ಏನೋ, ಓಬಮ್ಮ ಆಟ ಮುಚ್ಚಿಡಲಿಲ್ಲ.

"ಬಾರವ್ವ ಸಿಸ್ಟ್ರು, ಕೂತ್ಕೋ. ಇವಳನ್ನ ಸೋಲಿಸ್ಬಿಟ್ಟು ಮಾತಾಡ್ತೀನಿ."

ಜಯಶೀಲ ಕೂತಳು. ಮಣೆಯ ಕಡೆ ನೋಡಿದಳು. ಹದಿನಾಲ್ಕು ಗುಳಿ. ಗುಳಿಗಳಲ್ಲಿ ಗುಲಗಂಜಿಯೋ ಹುಣಸೆ ಬೀಜವೋ ಇರಬೇಕಲ್ಲ? ಇದ್ದದ್ದು ಕೆಂಪು ಮಾತ್ರೆಗಳು. ದುಂಡನೆಯವು, ನುಣ್ಣನೆಯವು, ಕೈಗೆ ಸಲೀಸಾಗಿ ಸಿಗುವಂಥವು. ಓಬಮ್ಮ ಒಂದು ಗುಳಿಯಿಂದ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದೇ ಟಕ್ ಟಕ್ ಅಂತ ಹಾಕುತ್ತಾ ಹೋದಳು.

ಜಯಶೀಲಳ ತಲೆ ರೂಢಿಯಂತೆ ಲೆಕ್ಕಕ್ಕೆ ಇಳಿಯಿತು. ಗುಳಿಗೆ ಐದರಂತೆ ಎಪ್ಪತ್ತು. ಹತ್ತರ ಶೀಟಾದರೆ ಏಳು ಶೀಟು. ಏಳೂ ತನ್ನ ತೋರಣದಲ್ಲಿ ನೇತಾಡಿದ್ದವು. ಬೈಗುಳ ನಾಲಿಗೆ ತುದಿಗೆ ಬಂತು. ಮೇಡಂ ಮಾತು ನೆನೆದು ಕಷ್ಟಪಟ್ಟು ನುಂಗಿಕೊಂಡಳು. ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಕೆಲವು ಮಾತ್ರೆಗಳು ಹೊಳೆಯುವ ಕೆಂಪು. ಕೆಲವು ಬಣ್ಣ ಸವೆದು ಬಿಳಿಚಿಕೊಂಡಿದ್ದವು.

"ಇವ್ಯಾಕಜ್ಜಿ ಹೀಗೆ ಮಾಸಿವೆ?"

ಓಬಮ್ಮನ ಕೈ ನಿಂತಿತು. "ಅವು ಹಳೇವು ಕಣವ್ವ. ಪಾಲಕ್ಕಂದು. ಬಿಸಾಕಾಕೆ ಮನಸು ಬರ್ಲಿಲ್ಲ. ಅವಳ ಕೈಯಾಗಿಂದ ಬಂದವು."

ಟಿಕ್ ಹಾಕಿದ ಆ ಕಾರ್ಡು, ಹಣೆಬರಹ ಅಂದ ತನ್ನ ಮಾತು, ಬೀರುವಿನಲ್ಲಿದ್ದ ಮೂರನೇ ಶಾಲು, ಎಲ್ಲ ಜಯಶೀಲಳಿಗೆ ಒಟ್ಟಿಗೆ ನೆನಪಾದವು. ಪಾಲಕ್ಕನ ಹೊಟ್ಟೆಗೆ ಹೋಗಬೇಕಿದ್ದದ್ದು ಇಲ್ಲಿ ಗುಳಿಯಲ್ಲಿ ಕೂತಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಪಕ್ಕದ ಮನೆಯವಳು ಮೆಲ್ಲಗೆ ಎದ್ದು ಹೋದಳು.

"ಯಾಕಜ್ಜಿ ನಂಗೆ ಹೇಳಲಿಲ್ಲ? ಇಷ್ಟು ವರ್ಷ ಬಂದಿದೀನಿ, ಒಂದು ಮಾತು ಹೇಳಬಾರದಿತ್ತಾ?"

"ನೀನು ಖಾಲಿ ಶೀಟು ಕೇಳ್ದೆ, ಕೊಟ್ವಿ" ಅಂದಳು ಓಬಮ್ಮ. ಅವಳ ದನಿಯಲ್ಲಿ ಕುಹಕ ಇರಲಿಲ್ಲ. "ಮಾತ್ರೆ ತಿಂದ್ರೆ ಹೆಂಗಾಗ್ತದೆ ಅಂತ ಯಾವತ್ತು ಕೇಳಿದ್ದೆ? ಶೀಟು ಇಲ್ದಿದ್ರೆ ನೀನು ಬೈತೀಯ. ಹುಡುಗೀರಿಗೆ ಭಯ."

ಒಳಗಿನಿಂದ ಬೂದೇವಿ ಬಂದು ಬಾಗಿಲಿಗೆ ಒರಗಿ ನಿಂತಳು. ಕಣ್ಣಿನ ಕೆಳಗೆ ರಕ್ತವೇ ಇಲ್ಲದ ಹಾಗೆ ಬಿಳಿಚಿಕೊಂಡಿತ್ತು. ಬಿಡಿಸಿ ಹೇಳಿದಳು. ಅವರೆಲ್ಲ ಬೆಳಗಿನ ಜಾವಕ್ಕೇ ಕನಕಾಂಬರ ಬಿಡಿಸಲು ಹೊಲಕ್ಕೆ ಹೋಗುವವರು. ಬಿಸಿಲು ಏರುವ ಮುಂಚೆ ಹೂವು ಮಾರ್ಕೆಟ್ಟಿಗೆ ಹೋಗಬೇಕು. ಸಿಸ್ಟರ್ ಹೇಳಿದ್ದು, ಬೆಳಗ್ಗೆ ಎದ್ದ ಕೂಡಲೇ ಮಾತ್ರೆ ತಗೋ ಅಂತ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಬಗ್ಗಿ ಹೂ ಬಿಡಿಸಲು ಕೂತರೆ ಹೊಟ್ಟೆ ತೊಳಸಿ ವಾಂತಿ. ಅರ್ಧ ದಿನದ ಕೆಲಸ ಹೋಯಿತು. ಅದರ ಜೊತೆ ಮಲ ಕಪ್ಪಗಾಗುತ್ತದೆ, ಒಳಗೆ ಏನೋ ಸುಡುತ್ತಿದೆ ಅನ್ನುವ ಹೆದರಿಕೆ ಬೇರೆ.

"ಅಕ್ಕನೂ ಹಂಗೇ ಹೆದ್ರಿದ್ಲು ಸಿಸ್ಟರ್. ನಂಗೂ ಹೆದ್ರಿಕೆ ಆಗ್ತದೆ. ಮಾತ್ರೆಗೂ ಹೆದ್ರಿಕೆ, ತಿನ್ದೇ ಇರೋಕೂ ಹೆದ್ರಿಕೆ."

ಜಯಶೀಲ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆನ್ನು ಸವರಿದಳು. ಕಪ್ಪಗಾದರೆ ಭಯವಿಲ್ಲ, ಕಬ್ಬಿಣ ಒಳಗೆ ಹೋದ ಗುರುತು ಅದು ಅಂತ ಹೇಳಿದಳು. "ಹಾಗಾದ್ರೆ ಯಾವಾಗ ತಗೊಂಡ್ರೆ ನಿಂಗೆ ಆಗುತ್ತೆ, ನೀನೇ ಹೇಳು" ಅಂತ ಕೇಳಿದಳು. ಇಂಥ ಪ್ರಶ್ನೆ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಬೂದೇವಿ ಯೋಚಿಸಿ, "ಹೂ ಕಳಿಸಿ ಬಂದು ಹತ್ತು ಗಂಟೆಗೆ ಮುದ್ದೆ ಉಣ್ತೀವಲ್ಲ, ಆವಾಗ ಆಗಬೋದು" ಅಂದಳು.

ಹೊರಡುವ ಮುಂಚೆ ಜಯಶೀಲ, ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ ಅಂತ ಹೇಳಿ ಮಾತ್ರೆಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿಸಿಕೊಂಡಳು. ಓಬಮ್ಮ ಮಾಸಿದವನ್ನು ಕೊನೆಗೆ, ಎಣಿಸಿ, ಒಂದೊಂದೇ ಹಾಕಿದಳು. ಉಳಿದ ಹನ್ನೊಂದು ಮನೆಗಳಲ್ಲೂ ಜಯಶೀಲ ಹೀಗೇ ಬರಿಗೈಯಲ್ಲಿ ಹೋಗಿ ಕೂತಳು. ಹನ್ನೆರಡರಲ್ಲಿ ನಿಜವಾಗಿ ತಿನ್ನುತ್ತಿದ್ದವರು ನಾಲ್ಕು ಜನ.

ಎರಡು ವಾರ ಕಳೆದು ಒಂದು ಸೋಮವಾರ ಸನ್ಮಾನಕ್ಕೆಂದೇ ಬೇರೊಂದು ಸಭೆ ಇತ್ತು, ಅದಕ್ಕೆ ಜಿಲ್ಲೆಯಿಂದ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಜಯಶೀಲಳಿಗೆ ನಾಲ್ಕನೇ ಶಾಲು ಹೊದಿಸುವ ಕಾರ್ಯಕ್ರಮ. ಹೆಸರು ಆಗಲೇ ಪಟ್ಟಿಯಲ್ಲಿ ಅಚ್ಚಾಗಿತ್ತು. ಹಿಂದಿನ ದಿನ ಅವಳು ಶಮೀಮ್ ಮೇಡಂ ಮುಂದೆ ಡಬ್ಬಿ ಇಟ್ಟು ಕೂತಳು.

"ಇದನ್ನ ಹೇಳೋದೋ ಬಿಡೋದೋ ನಿಮಗೆ ಬಿಟ್ಟಿದ್ದು" ಅಂದರು ಮೇಡಂ. "ನನ್ನ ಬಾಯಿಂದ ನಿಮ್ಮ ಹೆಸರು ಬರಲ್ಲ. ಆದ್ರೆ ಒಂದು ವಿಷಯ. ಬೂದೇವಿಗೆ ಈ ತಿಂಗಳಲ್ಲಿ ಏರಲಿಲ್ಲ ಅಂದ್ರೆ ನಾನು ಕಾಯಲ್ಲ. ತಾಲ್ಲೂಕು ಆಸ್ಪತ್ರೆಗೆ ಸೇರಿಸಿ ಡ್ರಿಪ್‌ನಲ್ಲೇ ಕಬ್ಬಿಣ ಕೊಡಿಸ್ತೀನಿ."

ಸುಮ್ಮನಿರುವುದು ಎಷ್ಟು ಸುಲಭ ಇತ್ತು ನೋಡಿ. ಶಾಲು ಹೊದೆದು, ಕೈ ಮುಗಿದು, ಒಂದು ಫೋಟೊ ತೆಗೆಸಿಕೊಂಡು ಬಂದಿದ್ದರೆ ಯಾರು ಕೇಳುತ್ತಿದ್ದರು? ಬೇರೆ ಸಿಸ್ಟರ್‌ಗಳೂ ಅದನ್ನೇ ಮಾಡಿದ್ದು. ಆದರೆ ಸುಮ್ಮನಿದ್ದರೆ ತೋರಣದ ಪದ್ಧತಿ ಹಾಗೇ ನಡೆಯುತ್ತದೆ, ಇನ್ನೆಷ್ಟು ಮನೆಗಳಲ್ಲಿ ಎಷ್ಟು ಬೂದೇವಿಯರೋ. ಜಯಶೀಲ ಸಭೆಯಲ್ಲಿ ಹೆಸರು ಕರೆದಾಗ ಎದ್ದು ಹೋದಳು. ಅಧಿಕಾರಿಗಳು ಶಾಲು ಬಿಡಿಸಿದರು. ಅವಳು ತಲೆ ಬಗ್ಗಿಸಲಿಲ್ಲ, ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಮೇಜಿನ ಮೇಲೆ ಸುರಿದಳು. ಕೆಂಪು ಮಾತ್ರೆಗಳು ಉರುಳಿ ಹೂಗುಚ್ಛದ ಬುಡದವರೆಗೂ ಹೋದವು.

"ಸಾರ್, ನಂದು ನೂರಕ್ಕೆ ನೂರಲ್ಲ. ಚೀಟಿ ಎತ್ತಿ ಹನ್ನೆರಡು ಮನೆ ನೋಡ್ದೆ, ತಿಂತಿರೋರು ನಾಲ್ಕೇ ಜನ. ನಾನು ಶೀಟು ಎಣಿಸ್ಕೊಂಡು ಬಂದೆ ಸಾರ್. ಮಾತ್ರೆ ಅಜ್ಜಿ ಅಳಗುಳಿ ಮಣೇಲಿತ್ತು."

ಅಧಿಕಾರಿಗಳ ಮುಖ ಗಂಟಾಯಿತು. "ಯಾರು ಹೇಳಿದ್ರು ಇದನ್ನೆಲ್ಲ ಮಾಡೋಕೆ? ಹೀಗೆ ಸಭೇಲಿ ಹೇಳಿದ್ರೆ ಇಲಾಖೆ ಮರ್ಯಾದೆ ಏನಾಗಬೇಕು?"

"ನಾನು ಹೇಳಿದ್ದು ಸಾರ್" ಅಂತ ಶಮೀಮ್ ಮೇಡಂ ಎದ್ದು ನಿಂತರು.

ಜಯಶೀಲ ಮಾಸಿದ ಮಾತ್ರೆಗಳನ್ನು ಬೇರೆ ಮಾಡಿ ಅವರ ಕಡೆ ಸರಿಸಿದಳು. "ಈ ಮಾಸಿರೋ ಮಾತ್ರೆ ಪಾಲಕ್ಕಂದು ಸಾರ್. ನಮ್ಮ ಮರ್ಯಾದೆ ಉಳೀತು, ಅವಳು ಹೋದ್ಲು. ಅದೇ ಮನೇಲಿ ಇನ್ನೊಬ್ಬಳಿಗೆ ಮೂರು ತಿಂಗಳು ಬಾಕಿ ಇದೆ."

ಅಧಿಕಾರಿಗಳು ಮಾಸಿದ ಮಾತ್ರೆಯೊಂದನ್ನು ಎತ್ತಿ ನೋಡಿ, ಮತ್ತೆ ಇಟ್ಟರು. ಶಾಲು ಮತ್ತೆ ಮಡಿಕೆಯಾಗಿ ಕಾರಿಗೆ ಹೋಯಿತು. ಆ ವರ್ಷ ಅದು ಬೇರೆ ಹೋಬಳಿಯ ಸಿಸ್ಟರ್‌ಗೆ ಸಿಕ್ಕಿತಂತೆ. ಕಾರು ಹೋದ ಮೇಲೆ ಹಿಂದಿನ ಸಾಲಿನ ಸಿಸ್ಟರ್ ಒಬ್ಬಳು ಎದ್ದು ಬಂದು, ಹುರಿ ಕಟ್ಟಿದ ಬುಕ್ಕು ತೆಗೆದು ಬರೆದಳು: "ನಮ್ಮೂರಲ್ಲಿ ಎಷ್ಟು ಜನ ತಿನ್ನುತ್ತಾರೆ? ಗೊತ್ತಿಲ್ಲ." ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಳು.

ಆ ಸಭೆಯಲ್ಲೇ, ಬೂದೇವಿ ಹೇಳಿದಂತೆ ಹತ್ತು ಗಂಟೆಯ ಊಟದ ನಂತರ, ಒಂದು ನಿಂಬೆ ಹೋಳಿನ ನೀರಿನ ಜೊತೆ ಮಾತ್ರೆ ಅಂತ ಗೊತ್ತುಮಾಡಿದರು. ನಿಂಬೆಯ ಮಾತು ಮೇಡಂ ಸೇರಿಸಿದ್ದು. ಎಲ್ಲರೂ ಎದ್ದರು. ಜಯಶೀಲ ಮಾತ್ರ ಕೂತೇ ಇದ್ದಳು.

"ಇದೇ ಸರಿ ಅಂತ ನಮಗೆ ಹೇಗೆ ಗೊತ್ತಾಗುತ್ತೆ ಮೇಡಂ? ಮೊದಲು ಎರಡು ಊರಲ್ಲಿ ಮಾಡಿ, ರಕ್ತ ಅಳೆದು ನೋಡಿ, ಆಮೇಲೆ ಎಲ್ಲಾ ಕಡೆ ಹೇಳೋಣ್ವಾ?"

ಶಮೀಮ್ ಮೇಡಂ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಹೇಳಿಕೊಡದೆ ಬಂದ ಮೊದಲ ಪ್ರಶ್ನೆ ಅದು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಸಿಬ್ಬಂದಿಗೆಲ್ಲ ಬಿಸಿ ಬೋಂಡ ತರಿಸಿದರು.

ಒಂದು ತಿಂಗಳಿಗೆ ಬೋರನಕುಂಟೆಯಲ್ಲಿ ರಕ್ತ ಏರಿತ್ತು. ಬೂದೇವಿಗೆ ಏಳೂ ಮುಕ್ಕಾಲು ಇದ್ದದ್ದು ಎಂಟೂ ಮುಕ್ಕಾಲಾಗಿತ್ತು. ಎರಡನೇ ಊರಾದ ಪಕ್ಕದ ಮೇಲಿನಹಟ್ಟಿಯಲ್ಲಿ ಒಂದು ಕೂದಲಷ್ಟೂ ಏರಿರಲಿಲ್ಲ. ಆ ಊರಿನ ಲೆಕ್ಕ ಬಿಟ್ಟು ಬರೆದುಬಿಡಲೇ ಅಂತ ಜಯಶೀಲಳಿಗೆ ಒಂದು ಗಳಿಗೆ ಅನ್ನಿಸಿದ್ದು ನಿಜ, ಹಳೇ ಚಾಳಿ ಅಷ್ಟು ಬೇಗ ಬಿಡುತ್ತದೆಯೇ? ಡಬ್ಬಿಯಲ್ಲಿದ್ದ ಮಾಸಿದ ಮಾತ್ರೆ ನೆನಪಾಗಿ, ಬುಕ್ಕಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದು, ಬರಿಗೈಯಲ್ಲಿ ಮೇಲಿನಹಟ್ಟಿಗೆ ಹೋದಳು. ಎರಡು ದಿನ ಅವರ ಜೊತೆ ಹೊಲದಲ್ಲೇ ಕೂತು ಉಂಡಳು. ಆ ಊರಲ್ಲಿ ಊಟವಾದ ತಕ್ಷಣ ಎಲ್ಲರಿಗೂ ಒಂದು ಲೋಟ ಗಟ್ಟಿ ಟೀ. ನಿಂಬೆ ನೀರು ಬಿಟ್ಟು ಟೀಯಲ್ಲೇ ಮಾತ್ರೆ ನುಂಗುತ್ತಿದ್ದರು. ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಟೀಯನ್ನು ಎರಡು ಗಂಟೆ ಮುಂದೆ ಹಾಕಿದರು. ಮುಂದಿನ ತಿಂಗಳು ಅಲ್ಲೂ ಏರಿತು.

ಬೂದೇವಿಗೆ ದಿನ ತುಂಬಿತು. ಜಯಶೀಲ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ್ದಳು. ಹೆಣ್ಣು ಮಗು. ಹುಟ್ಟಿದ ಮೇಲೆ, ಪಾಲಕ್ಕನಿಗೆ ಆದ ಹಾಗೆಯೇ, ರಕ್ತ ಹೋಗಲು ಶುರುವಾಯಿತು. ಜಯಶೀಲ ಅವಳ ಕೈ ಹಿಡಿದು ನಿಂತಳು, ದೇವರನ್ನೆಲ್ಲ ಕರೆದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಹೊಟ್ಟೆ ಒತ್ತಿ, ಅರ್ಧ ಗಂಟೆ ಹೆಣಗಿ ರಕ್ತ ನಿಲ್ಲಿಸಿದರು. "ರಕ್ತ ಹತ್ತರ ಮೇಲಿತ್ತು, ತಡೆದುಕೊಂಡಳು. ಏಳೆಂಟು ಇದ್ದಿದ್ರೆ ಕಷ್ಟ ಇತ್ತು" ಅಂದರು. ಬೂದೇವಿಯ ಕೈ ಬೆಚ್ಚಗೇ ಇತ್ತು. ಜಯಶೀಲ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ನಾಮಕರಣಕ್ಕೆ ಅವಳು ಬೀರುವಿನಿಂದ ಮೂರನೇ ಶಾಲು ತಂದುಕೊಟ್ಟಳು. ಚುಚ್ಚುತ್ತದೆ ಅಂತ ಮಗುವಿಗೆ ಹೊದಿಸಲಿಲ್ಲ, ನೊಣ ಬಾರದ ಹಾಗೆ ತೊಟ್ಟಿಲಿಗೆ ಅಡ್ಡ ಕಟ್ಟಿದರು.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡು ಫೋನ್ ಕೆಳಗಿಡಬೇಡಿ. ಮುಖ್ಯವಾದದ್ದು ಇನ್ನೂ ಇದೆ.

ವರ್ಷ ಕಳೆಯುವಷ್ಟರಲ್ಲಿ ಶಮೀಮ್ ಮೇಡಂಗೆ ವರ್ಗವಾಯಿತು. ಸಿಸ್ಟರ್‌ಗಳು ಅತ್ತರು. "ನೀವು ಹೋದ ಮೇಲೆ ನಮಗ್ಯಾರು ದಿಕ್ಕು ಮೇಡಂ?" ಅಂದರು. ಮೇಡಂ ಬುಕ್ಕಿನ ಹುರಿ ಗಟ್ಟಿಯಾಗಿದೆಯಾ ಅಂತ ಎಳೆದು ನೋಡಿ, ಬಸ್ಸು ಹತ್ತಿದರು. ಅವರ ಜಾಗಕ್ಕೆ ಬಂದ ಹೊಸ ಡಾಕ್ಟರು ಹುರುಪಿನವರು. ಮೊದಲ ಸಭೆಯಲ್ಲೇ ಹೊಸ ಯೋಜನೆ ಹೇಳಿದರು. ಬಾಣಂತಿಯರಿಗೆ ಪೌಷ್ಟಿಕ ಪುಡಿಯ ಡಬ್ಬ ಕೊಡಬೇಕು.

"ತಿಂತಾರೋ ಇಲ್ವೋ ಗೊತ್ತಾಗಬೇಕಲ್ಲ? ಅದಕ್ಕೊಂದು ಉಪಾಯ ಮಾಡಿದೀನಿ. ಖಾಲಿ ಡಬ್ಬ ವಾಪಸ್ ತಂದೋರಿಗೆ ಮಾತ್ರ ಹೊಸ ಡಬ್ಬ!"

ಸಿಸ್ಟರ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಡೆಯಲಾರದೆ ಕಿಸಕ್ಕೆಂದರು. ಡಾಕ್ಟರು ಏನೂ ತಿಳಿಯದೆ ಕಕ್ಕಾಬಿಕ್ಕಿಯಾದರು. ಜಯಶೀಲ ಎದ್ದು ಹೋಗಿ ಬುಕ್ಕಿನಲ್ಲಿ ಬರೆದಳು: "ಪುಡಿ ಯಾರ ಹೊಟ್ಟೆಗೆ ಹೋಗುತ್ತದೆ? ಗೊತ್ತಿಲ್ಲ." ಆಮೇಲೆ ಚೀಟಿ ಕುಲುಕುವ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಚೀಟಿ ಮಾಡಲು ಇನ್ನೊಬ್ಬ ಸಿಸ್ಟರ್ ಆಗಲೇ ಹಾಳೆ ಹರಿಯುತ್ತಿದ್ದಳು.

"ಇದಕ್ಕೆಲ್ಲ ಸಿಟಿಯಿಂದ ತಿಳಿದೋರನ್ನ ಕರೆಸಬೇಕಲ್ವಾ ಸಿಸ್ಟರ್?" ಅಂದರು ಡಾಕ್ಟರು.

"ಕರೆಸೋಣ ಸಾರ್, ಅವರಿಂದ ಕಲಿಯೋದೂ ಬೇಕಾದಷ್ಟಿದೆ. ಅಲ್ಲೀವರೆಗೂ ನಾವು ಕೂತಿರೋದು ಯಾಕೆ? ಬನ್ನಿ, ನಮ್ಮೂರಿಗೆ ಒಂದ್ಸಲ ಬನ್ನಿ."

ಬೋರನಕುಂಟೆಯ ಜಗುಲಿಯಲ್ಲಿ ಓಬಮ್ಮ ಮಣೆ ಮುಂದೆ ಒಬ್ಬಳೇ ಕೂತಿದ್ದಳು. ಗುಳಿಗಳಲ್ಲಿ ಹುಣಸೆ ಬೀಜ. ಒಳಗೆ ತೊಟ್ಟಿಲು ತೂಗುವ ಸದ್ದು.

"ಏನಜ್ಜಿ, ಮುಖ ಸಣ್ಣಗಿದೆ?" ಅಂದಳು ಜಯಶೀಲ, ಡಾಕ್ಟರಿಗೆ ಕೇಳಲಿ ಅಂತಲೇ.

"ಇನ್ನೇನವ್ವ ಮತ್ತೆ? ಎಷ್ಟು ಚೆಂದ ಇದ್ವು ಕೆಂಪು ಮಾತ್ರೆ! ಈ ಬೀಜ ಕೈಗೆ ಸಿಗಾಕಿಲ್ಲ, ಜಾರ್ತಾವೆ."

"ಮಾತ್ರೆ ಎಲ್ಲಿ ಹೋದ್ವಜ್ಜಿ?" ಅಂತ ಡಾಕ್ಟರೇ ಕೇಳಿದರು.

"ಎಲ್ಲಾನೂ ಸೊಸೆ ನುಂಗ್ಬಿಟ್ಲು ಕಣಪ್ಪ!" ಅಂದಳು ಓಬಮ್ಮ. ಅಂದು, ಒಳಗೆ ಮೊಮ್ಮಗಳು ಅತ್ತದ್ದು ಕೇಳಿ, ಮಣೆ ಅಲ್ಲೇ ಬಿಟ್ಟು ಎದ್ದು ಹೋದಳು.

ನೀತಿ: ಹಂಚಿದ್ದನ್ನು ಎಣಿಸಿದ ಮಾತ್ರಕ್ಕೆ ಕೆಲಸ ಆಗಲಿಲ್ಲ, ಮುಟ್ಟಬೇಕಾದವರಿಗೆ ಮುಟ್ಟಿತೇ ಅಂತ ನೋಡಬೇಕು. ಹೊರಗಿನವರು ಬಂದು ಅಳೆದುಕೊಟ್ಟರೆ ಒಂದು ವರ್ಷಕ್ಕಾಯಿತು. ಕೆಲಸ ಮಾಡುವವರೇ ಕೇಳಲು, ಅಳೆಯಲು ಕಲಿತರೆ, ಕಲಿಸಿದವರು ಬಸ್ಸು ಹತ್ತಿ ಹೋದರೂ ಕಲಿತದ್ದು ಊರಲ್ಲೇ ಇರುತ್ತದೆ. ಹಾಗೆ ಕಲಿಯಬೇಕಾದರೆ "ಗೊತ್ತಿಲ್ಲ" ಅಂದವರನ್ನು ಮೊದಲು ಬೈಯದೆ ಕೂರಿಸಿಕೊಳ್ಳಿ.